ಕ್ಯಾಶುವಾಲ್ಟಿಗೆ ಹೊಸ ಇಂಟರ್ನ್‌ಗಳು ಬಂದರೆ ಮೊದಲ ದಿನ ಏನು ತೋರಿಸಬೇಕು?

ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರಿಗೆ ಕ್ಯಾಶುವಾಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಸಿಗುವುದು ಎರಡೇ ವಾರ. ಅದರಲ್ಲಿ ಮೊದಲ ದಿನವನ್ನು ನಾವು ಸೀನಿಯರ್‌ಗಳು ಸೆಮಿನಾರ್ ಹಾಲ್‌ನಲ್ಲಿ ಸ್ಲೈಡ್ ತೋರಿಸಿ ಮುಗಿಸುತ್ತೇವೆ. ಎದೆನೋವಿಗೆ ಹತ್ತು ಕಾರಣ, ಪ್ರಜ್ಞೆ ತಪ್ಪುವುದಕ್ಕೆ ಹದಿನೈದು. ಅದೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. ಪಿಜಿ ಪರೀಕ್ಷೆಗೆ ಓದುತ್ತಿರುವವರು ಅಲ್ವಾ! ಅವರಿಗೆ ಗೊತ್ತಿಲ್ಲದಿರುವುದು ಗಂಟಲಲ್ಲಿ ಕಟ್ಟಿಕೊಂಡದ್ದನ್ನು ಎಳೆದು ತೆಗೆಯುವ ಸಕ್ಷನ್ ಮೆಷಿನ್‌ನ ಸ್ವಿಚ್ ಎಲ್ಲಿದೆ ಅನ್ನುವುದು.

ಹಾಗಾಗಿ ಮೊದಲ ದಿನ ಕಾಯಿಲೆ ಕಲಿಸಬೇಡಿ, ಜಾಗ ಕಲಿಸಿ. ಯಾವಾಗ ಕೂಗಿ ಕರೆಯಬೇಕು ಅನ್ನುವುದನ್ನೂ ಕಲಿಸಿ.

ಬಾಗಿಲಿನಿಂದ ಶುರು

ಎಲ್ಲರನ್ನೂ 108 ಆಂಬುಲೆನ್ಸ್ ಬಂದು ನಿಲ್ಲುವ ಜಾಗಕ್ಕೆ ಕರೆದುಕೊಂಡು ಹೋಗಿ. ರೋಗಿ ಒಳಗೆ ಬರುವ ದಾರಿಯಲ್ಲೇ ನಡೆಸಿ. ಒಬ್ಬರನ್ನು ಟ್ರಾಲಿ ಮೇಲೆ ಮಲಗಿಸಿ ಉಳಿದವರಿಂದ ತಳ್ಳಿಸಿದರೆ ಇನ್ನೂ ಒಳ್ಳೆಯದು. ನಗುತ್ತಾರೆ, ನಗಲಿ. ಯಾವ ಬಾಗಿಲಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ ಅನ್ನುವುದು ಹಾಗೆ ತಳ್ಳಿದರೇ ಗೊತ್ತಾಗುವುದು.

ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವ ಟ್ರಯಾಜ್ ಮೇಜಿನ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಸ್ವಲ್ಪ ತಡೆಯಬಹುದು, ಹಸಿರು ಅಂದರೆ ಕಾಯಬಹುದು. ನಡೆದುಕೊಂಡು ಬಂದವರೆಲ್ಲ ಹಸಿರು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಎದೆನೋವಿನವರು, ವಿಷ ಕುಡಿದವರು, ಹಾವು ಕಚ್ಚಿದವರು ಎಷ್ಟೋ ಸಲ ನಡೆದುಕೊಂಡೇ ಬರುತ್ತಾರೆ. ಜೋರಾಗಿ ಅರಚುವವನಿಗೆ ಉಸಿರಾದರೂ ಇದೆ. ಮೂಲೆಯಲ್ಲಿ ಬೆವರುತ್ತಾ ಸುಮ್ನೆ ಕೂತ ಅಜ್ಜನನ್ನು ಮೊದಲು ನೋಡಿ ಅಂತ ಹೇಳಿ.

ಕ್ರ್ಯಾಶ್ ಕಾರ್ಟ್ ಅವರ ಕೈಯಿಂದಲೇ ತೆರೆಸಿ

ಕ್ರ್ಯಾಶ್ ಕಾರ್ಟ್ ಅಂದರೆ ಜೀವ ಉಳಿಸುವ ಔಷಧಿ, ಉಪಕರಣ ಇಟ್ಟಿರುವ ತಳ್ಳುಗಾಡಿ. ನಾನು ಇಂಟರ್ನ್ ಆಗಿದ್ದಾಗ ಒಂದು ರಾತ್ರಿ, ಉಸಿರು ನಿಲ್ಲುತ್ತಿದ್ದ ರೋಗಿಗೆ ಟ್ಯೂಬ್ ಹಾಕಲು ಪಿಜಿ ಡಾಕ್ಟರ್ ಗಂಟಲೊಳಗೆ ಬೆಳಕು ಬಿಟ್ಟು ನೋಡುವ ಲಾರಿಂಗೋಸ್ಕೋಪ್ ಬಿಡಿಸಿದರೆ ಬಲ್ಬ್ ಉರಿಯಲಿಲ್ಲ. ಸೆಲ್ ಹೋಗಿತ್ತು. ನಾನು ಕೈಯಿಂದ ಹಿಂಡಿ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಾ ನಿಂತೆ. ಸಿಸ್ಟರ್ ಓಡಿ ಹೋಗಿ ತಮ್ಮ ಟಾರ್ಚಿನ ಸೆಲ್ ಕಿತ್ತು ತಂದರು. ಆ ಒಂದು ನಿಮಿಷ ಇವತ್ತಿಗೂ ಮರೆತಿಲ್ಲ.

ಅದಕ್ಕೇ ಒಬ್ಬೊಬ್ಬರಿಂದಲೂ ಲಾರಿಂಗೋಸ್ಕೋಪ್‌ನ ಬ್ಲೇಡ್ ಜೋಡಿಸಿಸಿ, ಬೆಳಕು ನೋಡಿಸಿ. ಅಂಬು ಬ್ಯಾಗ್‌ನ ಬಾಯಿಗೆ ಅಂಗೈ ಅಡ್ಡ ಇಟ್ಟು ಹಿಂಡಿಸಿ. ಗಾಳಿ ಸೋರದೆ ಬಿಗಿಯಾಗಿ ನಿಂತರೆ ಸರಿ ಇದೆ. ಆಕ್ಸಿಜನ್ ಸಿಲಿಂಡರ್‌ನ ಕೀ ಯಾವ ಮೊಳೆಗೆ ನೇತುಹಾಕಿದೆ ಅಂತ ತೋರಿಸಿ. ಆಮೇಲೆ ಅವರನ್ನು ಹೊರಗೆ ಕಳಿಸಿ, "ಅಡ್ರಿನಲಿನ್ ಎಲ್ಲಿದೆ?" ಅಂತ ಕೇಳಿ. ತಪ್ಪು ಡ್ರಾಯರ್ ಹೇಳಿದವರು ಒಳಗೆ ಬಂದು ಮತ್ತೆ ನೋಡಲಿ.

ಸಿಸ್ಟರ್ ಪರಿಚಯ

ಪ್ರೊಫೆಸರ್‌ಗಿಂತ ಮೊದಲು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕರೆದುಕೊಂಡು ಹೋಗಿ. "ಸಿಸ್ಟರ್, ಎರಡು ವಾರ ನಿಮ್ಮ ಜೊತೆ ಇರ್ತಾರೆ, ಸ್ವಲ್ಪ ನೋಡ್ಕೊಳ್ಳಿ" ಅಂದರೆ, ನಮ್ಮವರು "ನೋಡ್ಕೋತೀನಿ ಸರ್, ಸೂಜಿ ಟ್ರೇನಲ್ಲೇ ಬಿಟ್ಟು ಹೋದ್ರೆ ಮಾತ್ರ ಬೈತೀನಿ" ಅನ್ನುತ್ತಾರೆ. ಅವರು ಬೈಯುವುದು ಸರಿಯೇ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುವಂತಿಲ್ಲ, ನೇರ ಬಿಳಿ ಡಬ್ಬಿಗೆ. ಚುಚ್ಚಿಕೊಂಡರೆ ಹಿಂಡಬಾರದು, ಸೋಪು ನೀರಲ್ಲಿ ತೊಳೆದು ತಕ್ಷಣ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರು ಮಾಡುವುದು ಒಳ್ಳೆಯದು, 72 ಗಂಟೆ ಕೊನೆಯ ಗಡುವು. ಬೈಗುಳಕ್ಕೆ ಹೆದರಿ ಮುಚ್ಚಿಡುವವರೇ ಜಾಸ್ತಿ. ಹಾಗಾಗಿ ಇದನ್ನು ಬೈಯುವ ದನಿಯಲ್ಲಿ ಹೇಳಬೇಡಿ.

ಒಂದು ಕೆಲಸ ಪೂರ್ತಿ ಮಾಡಿಸಿ

ನಾನು ಹಾವು ಕಡಿತವನ್ನೇ ಆರಿಸಿಕೊಳ್ಳುತ್ತೇನೆ. 2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಸರ್ಕಾರಕ್ಕೆ ವರದಿ ಮಾಡಬೇಕು. ಮಳೆಗಾಲದಲ್ಲಂತೂ ನಮ್ಮಲ್ಲಿ ಬಿಡುವೇ ಇರುವುದಿಲ್ಲ. ವಿಷ ಏರಿದೆಯೇ ಅಂತ ನೋಡಲು ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬ್‌ಗೆ ರೋಗಿಯ ಎರಡು ಎಂಎಲ್ ರಕ್ತ ಹಾಕಿ ಇಪ್ಪತ್ತು ನಿಮಿಷ ಮುಟ್ಟದೆ ಬಿಡಬೇಕು. ಆಮೇಲೆ ಒಂದೇ ಸಲ ಬಗ್ಗಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಏರಿದೆ ಅಂತ ಲೆಕ್ಕ. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ, ಸೋಪಿನಲ್ಲಿ ತೊಳೆದದ್ದೂ ಆಗುವುದಿಲ್ಲ. ಹೊಸಬರಿಗೆ ತಾಳ್ಮೆ ಇರುವುದಿಲ್ಲ, ಐದು ನಿಮಿಷಕ್ಕೊಮ್ಮೆ ಅಲ್ಲಾಡಿಸಿ ನೋಡುತ್ತಾರೆ. ಮೊಬೈಲ್‌ನಲ್ಲಿ ಅಲಾರಂ ಇಡಿಸಿ.

ವಿಷನಿರೋಧಕ ಇಂಜೆಕ್ಷನ್ ಪುಡಿಯಾಗಿ ಬರುತ್ತದೆ. ಸಾಮಾನ್ಯವಾಗಿ ಮೊದಲಿಗೇ ಹತ್ತು ವಯಲ್ ಬೇಕು, ಒಂದೊಂದಕ್ಕೂ ಹತ್ತು ಎಂಎಲ್ ನೀರು. ಗಾಬರಿಯಲ್ಲಿ ಕುಲುಕಿದರೆ ನೊರೆ ಏಳುತ್ತದೆ. ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಬೇಕು. ಅವಧಿ ಮುಗಿದ ವಯಲ್ ಇದ್ದರೆ ಅದರಲ್ಲೇ ಅಭ್ಯಾಸ ಮಾಡಿಸಿ. ಇನ್ನೊಂದು ಮಾತು: ಮನೆಯವರು ಕಾಲಿಗೆ ಬಿಗಿದ ಹಗ್ಗವನ್ನು ಇಂಟರ್ನ್ ಒಬ್ಬರೇ ಬಿಚ್ಚಬಾರದು. ಬಿಚ್ಚಿದ ಕೂಡಲೇ ವಿಷ ಒಮ್ಮೆಲೇ ಏರಬಹುದು.

ಎಂಎಲ್‌ಸಿ

ಎಂಎಲ್‌ಸಿ ಅಂದರೆ ಅಪಘಾತ, ಹೊಡೆದಾಟದಂಥ, ಪೊಲೀಸರಿಗೆ ತಿಳಿಸಬೇಕಾದ ಕೇಸು. ಇದಕ್ಕೆ ಐದು ನಿಮಿಷ ಸಾಕು. ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ಕಾಗದ. ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಹೇಳಿದೆ. ಇಂಟರ್ನ್ ಯಾವ ಎಂಎಲ್‌ಸಿಗೂ, ಮರಣ ಪ್ರಮಾಣಪತ್ರಕ್ಕೂ ತಾವೇ ಸಹಿ ಹಾಕುವಂತಿಲ್ಲ. ಯಾರು ಎಷ್ಟೇ ಒತ್ತಾಯ ಮಾಡಿದರೂ ಅಷ್ಟೇ.

ಕೂಗುವ ಅಭ್ಯಾಸ

ಕೊನೆಗೆ ಇದು. ಕರೆದರೆ ಉತ್ತರ ಕೊಡದವರು, ಆಕ್ಸಿಜನ್ 90ಕ್ಕಿಂತ ಕೆಳಗೆ ಇರುವವರು, ಮೇಲಿನ ಬಿಪಿ 90 ದಾಟದವರು ಕಂಡರೆ ಕೂಗಬೇಕು. ಪ್ರಜ್ಞೆ ಇಲ್ಲದಿದ್ದರೆ ಕೂಗುತ್ತಲೇ ಬೆರಳು ಚುಚ್ಚಿ ಶುಗರ್ ನೋಡಬೇಕು. ಎದೆನೋವು ಅಂದರೆ ಹತ್ತು ನಿಮಿಷದೊಳಗೆ ಇಸಿಜಿ. ಆ ಕಾಗದವನ್ನು ಫೈಲ್‌ಗೆ ಸೇರಿಸದೆ ಡ್ಯೂಟಿ ಡಾಕ್ಟರ್ ಕಣ್ಣೆದುರು ಹಿಡಿಯಬೇಕು. ಯಾಕೋ ಸರಿ ಕಾಣ್ತಿಲ್ಲ ಅನ್ನಿಸಿದರೆ, ಅದೂ ಸಾಕು.

ಹೇಳಿದರೆ ತಲೆ ಆಡಿಸುತ್ತಾರೆ. ಸಮಯ ಬಂದಾಗ ಮಾತ್ರ ಪಕ್ಕಕ್ಕೆ ಬಂದು "ಸರ್..." ಅಂತ ಪಿಸುಗುಟ್ಟುತ್ತಾರೆ. ಅದಕ್ಕೆ ನಾನು ಒಬ್ಬೊಬ್ಬರನ್ನೂ ಬೆಡ್ ಪಕ್ಕ ನಿಲ್ಲಿಸಿ "ಸಹಾಯ ಬೇಕು, ರೆಡ್ ಏರಿಯಾ!" ಅಂತ ಕೂಗಿಸುತ್ತೇನೆ. ಕಳೆದ ಬ್ಯಾಚ್‌ನ ಒಬ್ಬ ಮೆತ್ತಗಿನ ಹುಡುಗಿ ಮೂರನೇ ಸಲಕ್ಕೆ ಎಷ್ಟು ಜೋರಾಗಿ ಕೂಗಿದಳೆಂದರೆ, ಹೊರಗೆ ಟೀ ಕುಡಿಯುತ್ತಿದ್ದ ಸೆಕ್ಯುರಿಟಿಯವರು ಲೋಟ ಹಿಡಿದುಕೊಂಡೇ ಓಡಿ ಬಂದರು. ಅವಳಿಗೆ ಅವತ್ತೇ ನೈಟ್ ಡ್ಯೂಟಿ ಹಾಕಿದೆ.