ಥೈರಾಯ್ಡ್ ಮಾತ್ರೆ ನುಂಗಿದ ಮೇಲಿನ ಆ ಒಂದು ಗಂಟೆ

ನಮ್ಮ ಚಿಕ್ಕಮ್ಮ ಮೂರು ವರ್ಷ ಒಂದು ದಿನವೂ ತಪ್ಪಿಸದೆ ಥೈರಾಯ್ಡ್ ಮಾತ್ರೆ ನುಂಗಿದರು. ಆದರೂ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ, ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್ ಟಿಎಸ್‌ಎಚ್ ಜಾಸ್ತಿಯೇ. 50 ಮೈಕ್ರೋಗ್ರಾಂ ಮಾತ್ರೆ 75 ಆಯಿತು, ಅದೂ ಹೋಗಿ 100 ಆಯಿತು. ಸುಸ್ತು ಮಾತ್ರ ಇಳಿಯಲಿಲ್ಲ. ಕೊನೆಗೆ ಒಬ್ಬ ಡಾಕ್ಟರು, "ಮಾತ್ರೆ ಹೇಗೆ ತಗೋತೀರಮ್ಮಾ?" ಎಂದು ಕೇಳಿದರು. "ಬೆಳಿಗ್ಗೆ ಎದ್ದ ಕೂಡಲೇ, ಕಾಫಿ ಜೊತೆ" ಅಂದರು ಚಿಕ್ಕಮ್ಮ. ಗುಟ್ಟು ಅಲ್ಲೇ ಇತ್ತು.

ಹಾರ್ಮೋನ್ ಏರುಪೇರಿನಲ್ಲಿ ಹತ್ತಾರು ಬಗೆ ಇವೆ. ಎಲ್ಲವನ್ನೂ ಒಂದೇ ಲೇಖನಕ್ಕೆ ತುರುಕಿದರೆ ಯಾವುದೂ ಅರ್ಥವಾಗುವುದಿಲ್ಲ. ಹಾಗಾಗಿ ಇಲ್ಲಿ ಒಂದನ್ನೇ ಹಿಡಿದುಕೊಳ್ಳೋಣ: ಥೈರಾಯ್ಡ್ ಕಡಿಮೆ ಕೆಲಸ ಮಾಡುವ ತೊಂದರೆ, ಅಂದರೆ ಹೈಪೊಥೈರಾಯ್ಡಿಸಂ.

ಮೊದಲು ರಿಪೋರ್ಟ್ ಓದಲು ಕಲಿಯಿರಿ

ಥೈರಾಯ್ಡ್ ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಇರುವ ಗ್ರಂಥಿ. ದೇಹದ ಕೆಲಸ ಎಷ್ಟು ವೇಗವಾಗಿ ನಡೆಯಬೇಕು ಎಂದು ನೋಡಿಕೊಳ್ಳುವುದು ಇದರ ಹಾರ್ಮೋನ್. ಅದು ಕಡಿಮೆಯಾದರೆ ಎಲ್ಲವೂ ನಿಧಾನ. ಸುಸ್ತು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಬೇರೆಯವರು ಫ್ಯಾನ್ ಹಾಕಿದಾಗ ನಿಮಗೆ ಚಳಿ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಬಹುದು, ಮನಸ್ಸು ಮಂಕಾಗಬಹುದು, ಕೊಲೆಸ್ಟ್ರಾಲ್ ಏರಬಹುದು. ಇವು ಒಂದೊಂದೂ ಬೇರೆ ಕಾರಣಕ್ಕೂ ಬರುತ್ತವೆ. ಅದಕ್ಕೇ ಲಕ್ಷಣ ನೋಡಿ ತೀರ್ಮಾನ ಮಾಡಬೇಡಿ, ಪರೀಕ್ಷೆ ಮಾಡಿಸಿ.

ರಿಪೋರ್ಟ್ ಬಂದಾಗ ಬಹಳ ಜನಕ್ಕೆ ಗೊಂದಲ. "ಟಿಎಸ್‌ಎಚ್ ಜಾಸ್ತಿ ಇದೆ, ಥೈರಾಯ್ಡ್ ಕಡಿಮೆ ಅಂತಾರಲ್ಲ, ಅದು ಹೇಗೆ?" ಟಿಎಸ್‌ಎಚ್ ಅನ್ನು ತಯಾರಿಸುವುದು ಥೈರಾಯ್ಡ್ ಅಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ಮೇಸ್ತ್ರಿಯ ಕೂಗು ಇದ್ದ ಹಾಗೆ. ಆಳು ನಿಧಾನ ಮಾಡಿದಷ್ಟೂ ಮೇಸ್ತ್ರಿಯ ದನಿ ಜೋರು. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸು ಇದ್ದರೆ ಸರಿ ಎನ್ನುತ್ತಾರೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಗರ್ಭಿಣಿಯರಿಗೆ ಅಳತೆಯೇ ಬೇರೆ. ಟಿಎಸ್‌ಎಚ್ ಸ್ವಲ್ಪ ಏರಿ, ಥೈರಾಯ್ಡ್ ತಯಾರಿಸುವ ಹಾರ್ಮೋನ್ ಟಿ4 ಸರಿಯಾಗಿಯೇ ಇದ್ದರೆ ಡಾಕ್ಟರು ಕೂಡಲೇ ಮಾತ್ರೆ ಬರೆಯದೆ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಲು ಹೇಳಬಹುದು. ಅದು ಅಸಡ್ಡೆಯಲ್ಲ.

ಒಂದು ಎಚ್ಚರಿಕೆ. ಕೂದಲಿಗೆ ಒಳ್ಳೆಯದು ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಕೆಲವು ಲ್ಯಾಬ್‌ಗಳಲ್ಲಿ ಥೈರಾಯ್ಡ್ ರಿಪೋರ್ಟ್ ತಪ್ಪು ಬರುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಥೈರಾಯ್ಡ್‌ನಿಂದ ಕೂದಲು ಉದುರುತ್ತದೆ, ಅದಕ್ಕೆ ಬಯೋಟಿನ್ ತಿನ್ನುತ್ತೇವೆ, ಅದು ರಿಪೋರ್ಟನ್ನೇ ಕೆಡಿಸುತ್ತದೆ. ಚೆನ್ನಾಗಿದೆ ಅಲ್ವಾ?

ಮಾತ್ರೆ, ನೀರು, ಗಡಿಯಾರ

ಈ ಮಾತ್ರೆಯ ಹೆಸರು ಲೆವೊಥೈರಾಕ್ಸಿನ್. ನಮ್ಮ ಥೈರಾಯ್ಡ್ ತಯಾರಿಸುವ ಟಿ4 ಹಾರ್ಮೋನೇ ಇದು. ಪ್ರಮಾಣ ಮೈಕ್ರೋಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗ. ಇಷ್ಟು ಸಣ್ಣ ಮದ್ದಿನಲ್ಲಿ ಒಂದು ಪಾಲು ಕಾಫಿಯಿಂದಾಗಿ ಹೀರಿಕೊಳ್ಳದೆ ಹೋದರೂ ವ್ಯತ್ಯಾಸ ಕಾಣುತ್ತದೆ.

ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ಟೀ, ಹಾಲು, ತಿಂಡಿ ಏನೂ ಬೇಡ. ಕಾಫಿ ಇಲ್ಲದೆ ಒಂದು ಗಂಟೆ ಅನ್ನುವುದು ಸುಲಭದ ಮಾತಲ್ಲ, ಗೊತ್ತು. ಚಿಕ್ಕಮ್ಮ ಒಂದು ಉಪಾಯ ಮಾಡಿಕೊಂಡಿದ್ದಾರೆ. ಮೊದಲೆಲ್ಲ ರಾತ್ರಿಯೇ ಡಿಕಾಕ್ಷನ್ ಹಾಕಿಡುತ್ತಿದ್ದರು. ಈಗ ಬೆಳಿಗ್ಗೆ ಮಾತ್ರೆ ನುಂಗಿ, ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಸುರಿದು ವಾಕಿಂಗ್ ಹೊರಡುತ್ತಾರೆ. ವಾಪಸ್ ಬಂದು, ಗಿಡಕ್ಕೆ ನೀರು ಹಾಕುವ ಹೊತ್ತಿಗೆ ಡಿಕಾಕ್ಷನ್ ಇಳಿದಿರುತ್ತದೆ.

ಬೆಳಿಗ್ಗೆ ಆಗುವುದೇ ಇಲ್ಲ ಎನ್ನುವವರು ಡಾಕ್ಟರನ್ನು ಕೇಳಿ ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಬಹುದು. ಊಟವಾಗಿ ಮೂರು ಗಂಟೆಯಾದರೂ ಆಗಿರಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆಯ ಅಂತರ ಬೇಕು. ನಮ್ಮಲ್ಲಿ ಎಷ್ಟೋ ಹೆಂಗಸರು ಮೂರನ್ನೂ ಒಂದೇ ಅಂಗೈಗೆ ಸುರಿದುಕೊಂಡು ನುಂಗಿಬಿಡುತ್ತಾರೆ.

ಮಾತ್ರೆಯ ಡಬ್ಬಿಯನ್ನು ಒಲೆಯ ಪಕ್ಕದ ಶೆಲ್ಫಿನಲ್ಲಿ ಇಡಬೇಡಿ. ಬಿಸಿ, ಬೆಳಕು, ತೇವ ಮೂರೂ ಇದಕ್ಕೆ ಆಗದು. ಒಂದು ದಿನ ಮರೆತರೆ ಗಾಬರಿ ಬೇಡ. ಇದು ದೇಹದಲ್ಲಿ ಅರ್ಧ ಖಾಲಿಯಾಗಲು ಸುಮಾರು 7 ದಿನ ಬೇಕು. ಅದೇ ಕಾರಣಕ್ಕೆ ಪ್ರಮಾಣ ಬದಲಿಸಿದರೆ ಮರುಪರೀಕ್ಷೆಗೆ ಆರರಿಂದ ಎಂಟು ವಾರ ಕಾಯಬೇಕು. ಹತ್ತೇ ದಿನಕ್ಕೆ ಲ್ಯಾಬಿಗೆ ಓಡಿದರೆ ದುಡ್ಡು ದಂಡ.

ಅಡುಗೆಮನೆಯ ಕಡೆ

ಇಲ್ಲಿ ಭಯ ಜಾಸ್ತಿ, ತಿಳಿವಳಿಕೆ ಕಡಿಮೆ. ಎಲೆಕೋಸು, ಹೂಕೋಸು, ನವಿಲುಕೋಸು ಮುಟ್ಟಲೇಬಾರದು ಅನ್ನುತ್ತಾರೆ. ಬೇಯಿಸಿ, ಮಾಮೂಲಿ ಪಲ್ಯದಷ್ಟು ತಿಂದರೆ ಏನೂ ಆಗುವುದಿಲ್ಲ. ಸಜ್ಜೆಯಲ್ಲಿ ಥೈರಾಯ್ಡ್‌ಗೆ ಅಡ್ಡಿ ಮಾಡುವ ಅಂಶ ಇರುವುದು ನಿಜ. ಆದರೆ ತೊಂದರೆ ಮುಖ್ಯವಾಗಿ ಸಜ್ಜೆಯೇ ಊಟವಾಗಿ, ಥೈರಾಯ್ಡ್ ಹಾರ್ಮೋನ್ ತಯಾರಿಸಲು ಬೇಕಾದ ಅಯೋಡಿನ್ ಸಿಗದ ಕಡೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿನ್ನಲು ಹೆದರಬೇಕಿಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಉಪ್ಪಿನ ಬಗ್ಗೆ. ಅಯೋಡಿನ್ ಕೊರತೆಯಿಂದ ಕತ್ತು ಊದಿಕೊಳ್ಳುವ ಗಳಗಂಡ ಒಂದು ಕಾಲದಲ್ಲಿ ದೇಶದ ಎಷ್ಟೋ ಕಡೆ ಇತ್ತು. ಅದಕ್ಕೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಉಪ್ಪಿಗೆ ಅಯೋಡಿನ್ ಸೇರಿತು. ಈಗ ಆರೋಗ್ಯದ ಹೆಸರಿನಲ್ಲೇ ನಾವು ಸೈಂಧವ ಲವಣ, ಪಿಂಕ್ ಸಾಲ್ಟ್ ಅಂತ ಹೋಗುತ್ತಿದ್ದೇವೆ. ಇವಕ್ಕೆ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಗರ್ಭಿಣಿಯರಿಗೆ ಇನ್ನೂ ಹೆಚ್ಚು. ಸಾರಿಗೆ ಅಯೋಡಿನ್ ಉಪ್ಪನ್ನೇ ಹಾಕಿ, ಕೊನೆಗೆ ಹಾಕಿ, ಡಬ್ಬಿ ಮುಚ್ಚಿಡಿ. ಹಾಗಂತ ಅಯೋಡಿನ್ ಮಾತ್ರೆ ತಂದು ತಿನ್ನಬೇಡಿ. ಅತಿಯಾದರೂ ಥೈರಾಯ್ಡ್ ಕೆಡುತ್ತದೆ.

ತೂಕದ ಬಗ್ಗೆ ಒಂದು ಕಹಿ ಮಾತು. ಥೈರಾಯ್ಡ್ ಕಡಿಮೆಯಾದರೆ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು. ಹದಿನೈದು ಕಿಲೋ ಏರಿದರೆ ಪೂರ್ತಿ ತಪ್ಪನ್ನು ಪಾಪದ ಆ ಚಿಟ್ಟೆಯ ಮೇಲೆ ಹೊರಿಸಲಾಗದು. ನಡಿಗೆ, ಹೊತ್ತಿಗೆ ಸರಿಯಾದ ನಿದ್ದೆ, ತಟ್ಟೆಯಲ್ಲಿ ಕಾಳು, ಸೊಪ್ಪು ಇವೆಲ್ಲ ಬೇಕೇ ಬೇಕು. ಮಲಬದ್ಧತೆಗೂ, ಮಂಕು ಹಿಡಿದ ಮನಸ್ಸಿಗೂ ಇದರಿಂದ ಆರಾಮ ಸಿಗುತ್ತದೆ. ಯೋಗ ಮಾಡಿ, ಖಂಡಿತ ಮಾಡಿ. ಆದರೆ ಸರ್ವಾಂಗಾಸನ ಹಾಕಿ ಮಾತ್ರೆ ಬಿಟ್ಟೆ ಎನ್ನುವವರ ಮಾತು ಕೇಳಿ ನೀವೂ ಬಿಡಬೇಡಿ.

ಅಶ್ವಗಂಧ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಎದೆ ಡವಡವ, ಕೈ ನಡುಕ, ನಿದ್ದೆ ಬಾರದಿರುವುದು ಕಂಡರೆ ಮಾತ್ರೆಯ ಪ್ರಮಾಣ ಜಾಸ್ತಿಯಾಗಿರಬಹುದು, ತಡ ಮಾಡದೆ ತೋರಿಸಿ. ಮಾತ್ರೆ ತಿನ್ನುತ್ತಿರುವಾಗ ಗರ್ಭಿಣಿ ಎಂದು ಗೊತ್ತಾದರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಮೊದಲ ತಿಂಗಳುಗಳಲ್ಲಿ ಮಗು ಅಮ್ಮನ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ, ಹಾಗಾಗಿ ಪ್ರಮಾಣ ಹೆಚ್ಚಿಸಬೇಕಾಗಿ ಬರುವುದೇ ಜಾಸ್ತಿ.