ಎಚ್‌ಐವಿ ಇರುವ ಬಾಣಂತಿಗೆ ‘ಹೇಗೆ ನೋಡಿಕೊಂಡರು?’ ಅಂತ ಕೇಳುವುದು ಹೇಗೆ

"ಆಸ್ಪತ್ರೆ ಸೇವೆ ತೃಪ್ತಿ ಇದೆಯಾ ಅಮ್ಮ?" ಅಂತ ಕೇಳಿದರೆ ಬಾಣಂತಿ "ಚೆನ್ನಾಗಿದೆ ಮೇಡಂ" ಅಂತಾನೇ ಹೇಳುತ್ತಾಳೆ. ಮಾತ್ರೆ ಕೊಡುವವರು ಎದುರಿಗೇ ಕೂತಿರುತ್ತಾರೆ, ಮುಂದಿನ ಸಲ ಮತ್ತೆ ಅವರ ಹತ್ತಿರವೇ ಬರಬೇಕು, ಜೀವನಪೂರ್ತಿ ಬರಬೇಕು. ಇನ್ನೇನು ಹೇಳಿಯಾಳು? ಆ ಉತ್ತರಕ್ಕೆ ಟಿಕ್ ಹಾಕಿಕೊಂಡು ಹೋದರೆ ಯಾರಿಗೂ ಉಪಯೋಗವಿಲ್ಲ. ಕೋಲಾರದ ಕಡೆ ಎಆರ್‌ಟಿ ಕೇಂದ್ರ (ಎಚ್‌ಐವಿಗೆ ಮಾತ್ರೆ ಕೊಡುವ ಕೇಂದ್ರ), ಹೆರಿಗೆ ವಾರ್ಡು, ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕೌನ್ಸೆಲರ್, ಸಿಸ್ಟರ್‌ಗಳಿಗೆ, ಸರ್ವೆ ಫಾರಂ ಹಿಡಿದು ಬರುವ ವಿದ್ಯಾರ್ಥಿಗಳಿಗೆ ಇದನ್ನು ಬರೆಯುತ್ತಿದ್ದೇನೆ.

ಚಿಕಿತ್ಸೆ ಕೊಡುವವರೇ ಪ್ರಶ್ನೆ ಕೇಳಬೇಡಿ. ಬೇರೆಯವರು ಕೇಳಲಿ, ಬಾಗಿಲು ಹಾಕಿರುವ ರೂಮಿನಲ್ಲಿ ಕೇಳಲಿ. ಮನೆಗಂತೂ ಹೋಗಲೇಬೇಡಿ. ಅತ್ತೆ, ನಾದಿನಿ, ಪಕ್ಕದ ಮನೆಯವರು "ಯಾರಮ್ಮ ಬಂದಿದ್ದು?" ಅಂತ ಕೇಳಿದರೆ ಅವಳು ಏನು ಹೇಳಬೇಕು? 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಅವಳ ಒಪ್ಪಿಗೆಯಿಲ್ಲದೆ ಈ ವಿಷಯ ಹೊರಗೆ ಹೋಗಬಾರದು ಅಂತ ಅದು ಹೇಳುತ್ತದೆ. ಫಾರಂನಲ್ಲಿ ಹೆಸರು ಬೇಡ, ಎಆರ್‌ಟಿ ನಂಬರೂ ಬೇಡ. ಊರು ಮತ್ತು ಹೆರಿಗೆಯಾದ ತಿಂಗಳು ಎರಡೂ ಬರೆದರೆ ಸಣ್ಣ ಹಳ್ಳಿಯಲ್ಲಿ ಅವಳು ಯಾರು ಅಂತ ಗೊತ್ತಾಗಿಬಿಡುತ್ತದೆ, ತಾಲ್ಲೂಕು ಅಷ್ಟೇ ಸಾಕು.

ಭಾಷೆ ನೋಡಿಕೊಳ್ಳಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು, ಕೆಜಿಎಫ್‌ನಲ್ಲಿ ತಮಿಳು. ಕನ್ನಡದಲ್ಲಿ ಹೂಂ, ಹೂಂ ಅನ್ನುತ್ತಿದ್ದವಳು "ಎಲಾ ಚೂಸುಕುನ್ನಾರಮ್ಮಾ?" (ಹೇಗೆ ನೋಡಿಕೊಂಡರಮ್ಮ?) ಅಂದ ತಕ್ಷಣ ಬಾಯಿಬಿಡಬಹುದು.

ಆಮೇಲೆ ‘ತೃಪ್ತಿ’ ಅನ್ನೋ ಮಾತನ್ನು ಪಕ್ಕಕ್ಕಿಟ್ಟು, ನಡೆದದ್ದನ್ನು ಕೇಳಿ. ಇವತ್ತಿನ ಬೆಳಗಿಂದಲೇ ಶುರುಮಾಡಿ. "ಮನೆಯಿಂದ ಎಷ್ಟು ಹೊತ್ತಿಗೆ ಹೊರಟ್ರಿ? ಬಸ್ಸಲ್ಲಿ ಸೀಟು ಸಿಕ್ತಾ? ಮೊದಲು ಯಾವ ರೂಮಿಗೆ ಹೋದ್ರಿ? ಮಗು ಅತ್ತಾಗ ಎಲ್ಲಿ ಕೂತು ಹಾಲು ಕೊಟ್ರಿ?" ಈ ಕೊನೇ ಪ್ರಶ್ನೆಗೆ ಎಷ್ಟು ವಿಷಯ ಹೊರಬರುತ್ತದೆ ಗೊತ್ತಾ! ಕೂರೋಕೆ ಜಾಗ ಇಲ್ಲದ್ದು, ಊರಿನವರು ನೋಡಿಬಿಟ್ಟಾರು ಅಂತ ಸೆರಗು ಮುಖಕ್ಕೆಳೆದುಕೊಂಡದ್ದು, ತನ್ನ ಮಾತ್ರೆಗೆ ಒಂದು ದಿನ, ಮಗುವಿನ ಪರೀಕ್ಷೆಗೆ ಇನ್ನೊಂದು ದಿನ ಬರಬೇಕಾಗಿ ಎರಡು ದಿನದ ಕೂಲಿ ಹೋದದ್ದು, ಎಲ್ಲ ಒಂದೊಂದಾಗಿ ಬರುತ್ತದೆ.

ಹೆರಿಗೆ ವಾರ್ಡಿನ ವಿಷಯ ನಿಧಾನಕ್ಕೆ ಕೇಳಿ, ಜಾಸ್ತಿ ನೋವು ಅಲ್ಲೇ ಇರುತ್ತದೆ. ಮಂಚ ಬೇರೆ ಹಾಕಿದ್ರಾ? ಫೈಲಿನ ಮೇಲೆ ಎಲ್ಲರಿಗೂ ಕಾಣೋ ಹಾಗೆ ಏನಾದ್ರೂ ಬರೆದಿದ್ರಾ? ಮಗೂನ ಸುಮ್ನೆ ಎತ್ತಿಕೊಳ್ಳೋಕೂ ಗ್ಲೌಸ್ ಹಾಕಿದ್ರಾ? ಅವಳು ಸುಮ್ಮನಾದರೆ ನೀವೂ ಸುಮ್ಮನಿರಿ. ಮುಂದಿನ ಪ್ರಶ್ನೆಗೆ ಓಡಬೇಡಿ.

ಮಗುವಿನ ಬಗ್ಗೆ ಅವಳಿಗೆ ಏನು ತಿಳಿಸಿದ್ದಾರೆ ಅನ್ನೋದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಚಿಕಿತ್ಸೆ ಇಲ್ಲದಿದ್ದರೆ 100ರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ವೈರಸ್ ಬರಬಹುದು, ತಾಯಿ ತಪ್ಪದೆ ಮಾತ್ರೆ ತಗೊಂಡು ಮಗುವಿಗೂ ಔಷಧಿ ಕೊಟ್ಟರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಇದನ್ನು ಯಾರಾದರೂ ಅವಳಿಗೆ ಬಿಡಿಸಿ ಹೇಳಿದ್ದಾರಾ? ಹುಟ್ಟಿದಾಗಿನಿಂದ ಕನಿಷ್ಠ 6 ವಾರ ಕೊಡುವ ಸಿರಪ್ಪನ್ನು ಎಷ್ಟು ಹಾಕಬೇಕು ಅಂತ ಕೈಯಲ್ಲಿ ಹಿಡಿದು ತೋರಿಸಿದ್ರಾ? 6 ವಾರಕ್ಕೆ ಹಿಮ್ಮಡಿ ಚುಚ್ಚಿ ರಕ್ತ ತೆಗೆದ ಮೇಲೆ ರಿಪೋರ್ಟ್ ಯಾವಾಗ ಬಂತು, ಯಾರು ಹೇಳಿದ್ರು? 18 ತಿಂಗಳಿಗೆ ಕೊನೇ ಪರೀಕ್ಷೆ ಇದೆ ಅಂತ ಗೊತ್ತಾ? ಎದೆಹಾಲಿನ ವಿಷಯವನ್ನೂ ಬಿಡಬೇಡಿ. ಒಬ್ಬರು ಕೊಡಿ ಅಂತಾರೆ, ಇನ್ನೊಬ್ಬರು ಡಬ್ಬಿ ಹಾಲು ಅಂತಾರೆ, ನಡುವೆ ಅವಳು ಎರಡನ್ನೂ ಕೊಡುತ್ತಿರುತ್ತಾಳೆ. ಮೊದಲ 6 ತಿಂಗಳು ಹಾಗೆ ಬೆರೆಸಿ ಕೊಡಬಾರದು.

ಬಾಣಂತನಕ್ಕೆ ತವರಿಗೆ ಹೋಗಿದ್ದಳಾ ಕೇಳಿ. ತವರು ಆಂಧ್ರದ ಪಲಮನೇರು, ಮದನಪಲ್ಲಿ ಕಡೆ ಇದ್ದರೆ ಎಷ್ಟು ದಿನದ ಮಾತ್ರೆ ಕೊಟ್ಟು ಕಳಿಸಿದ್ರು, ಮುಗಿದರೆ ಅಲ್ಲಿ ಯಾವ ಕೇಂದ್ರಕ್ಕೆ ಹೋಗಬೇಕು ಅಂತ ಹೇಳಿದ್ರಾ? ಮನೆ ತುಂಬ ನೆಂಟರಿದ್ದಾಗ ಡಬ್ಬಿ ತೆಗೆದರೆ ಮಾತ್ರೆ ಗಲಗಲ ಅನ್ನುತ್ತದೆ, ಅದನ್ನು ಎಲ್ಲಿಟ್ಟುಕೊಂಡಿದ್ದಳು ಅಂತ ಕೇಳಿ. ಮಾತ್ರೆ ಬಿಟ್ಟುಹೋದದ್ದು ಯಾಕೆ ಅಂತ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ಒಂದೇ ಒಂದು ಪ್ರಶ್ನೆ: "ನಿಮ್ಮ ತಂಗಿಗೆ ಹೀಗೇ ಆಗಿದ್ರೆ ಇಲ್ಲಿಗೇ ಕಳಿಸ್ತಿದ್ರಾ?" ಹೌದು ಅಂದರೂ ಇಲ್ಲ ಅಂದರೂ "ಯಾಕೆ?" ಅಂತ ಕೇಳಿ, ಅವಳ ಮಾತಿನಲ್ಲೇ ಬರೆದುಕೊಳ್ಳಿ.

ಯಾರಾದರೂ ಅವಮಾನ ಮಾಡಿದ್ದಾರೆ ಅಂತ ಹೇಳಿದರೆ ಫಾರಂ ಮಡಚಿ ಎದ್ದುಬರಬೇಡಿ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಇದೇ ಕಾಯ್ದೆಯ ಪ್ರಕಾರ ದೂರು ಕೇಳುವ ಅಧಿಕಾರಿ ಇರಬೇಕು, ಅವರು ಯಾರು ಅಂತ ತಿಳಿದುಕೊಂಡು ಹೇಳಿ. ಎಚ್‌ಐವಿ ಸಹಾಯವಾಣಿ 1097ಕ್ಕೆ ದುಡ್ಡು ಕೊಡದೆ ಫೋನ್ ಮಾಡಬಹುದು ಅಂತಲೂ ಹೇಳಿ. ದೂರು ಕೊಡೋದು ಬಿಡೋದು ಅವಳಿಗೇ ಬಿಟ್ಟದ್ದು. ಹಾಲು ಕೊಡೋಕೆ ಒಂದು ಪರದೆ, ತಾಯಿ ಮಗುವಿಗೆ ಒಂದೇ ದಿನದ ಚೀಟಿ, ಇಂಥದ್ದು ನಿಮ್ಮ ಕೈಯಲ್ಲೇ ಇದ್ದರೆ ಮುಂದಿನ ತಿಂಗಳೊಳಗೆ ಮಾಡಿಸಿ. ಅವಳು ಮತ್ತೆ ಬಂದಾಗ ಏನು ಬದಲಾಯಿತು ಅಂತ ಮೊದಲು ನೀವು ಹೇಳಿ, ಹೊಸ ಫಾರಂ ಆಮೇಲೆ ತೆಗೆಯಿರಿ.