ಭಾನುವಾರದಿಂದ ಶನಿವಾರಕ್ಕೆ: ಗೈಡ್ ಕ್ಯಾಪ್ಟನ್ ಆಗಿ ನನ್ನ ಅನುಭವ

ಅರಸೀಕೆರೆಲಿ ಒಂದು ಗೈಡ್ ಕಂಪನಿ, ಅಂದ್ರೆ ಸ್ಕೌಟ್ಸ್ ಗೈಡ್ಸ್ ಹುಡುಗೀರ ದಳ, ನಡೆಸ್ತಾ ಇದೀನಿ, ಇದು ಏಳನೇ ವರ್ಷ. ದಳ ನಡೆಸೋರಿಗೆ ಕ್ಯಾಪ್ಟನ್ ಅಂತಾರೆ. ನಾನು ಟೀಚರ್ ಅಲ್ಲ, ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯೋ ಕೆಲಸ. ಸ್ಕೌಟ್ಸ್ ಗೈಡ್ಸ್ ಅಂದ್ರೆ ಸ್ಕೂಲ್ ಮೇಷ್ಟ್ರುಗಳೇ ಮಾಡೋದು ಅಂತ ತುಂಬಾ ಜನ ಅಂದ್ಕೊಂಡಿದಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಶಾಲೆಗೆ ಸೇರದೆ ಊರಿನ ಮಕ್ಕಳನ್ನೆಲ್ಲ ಸೇರಿಸಿ ನಡೆಸೋ ಓಪನ್ ಯೂನಿಟ್ ಅಂತಾನೂ ಇದೆ, ಅದಕ್ಕೆ ನಮ್ಮಂಥವರೇ ಬೇಕು. ಇತ್ತೀಚೆಗೆ ಇಬ್ಬರು ಮೂರು ಜನ ಹೆಣ್ಮಕ್ಕಳು "ನಾವೂ ಮಾಡ್ಬಹುದಾ, ಹೇಗೆ ಶುರು ಮಾಡಿದ್ರಿ" ಅಂತ ಕೇಳಿದ್ರು, ಅವರಿಗೋಸ್ಕರ ಬರೀತಾ ಇದೀನಿ.

ಕ್ಯಾಪ್ಟನ್ ಆಗೋಕೆ ಮೊದಲು ಬೇಸಿಕ್ ಕೋರ್ಸ್ ಅನ್ನೋ ತರಬೇತಿ ಮಾಡ್ಬೇಕು. ನಾನು ಮಾಡಿದ್ದು ದೊಡ್ಡಬಳ್ಳಾಪುರದ ಸ್ಕೌಟ್ಸ್ ಗೈಡ್ಸ್ ತರಬೇತಿ ಕೇಂದ್ರ ಆನಿ ಬೆಸೆಂಟ್ ಪಾರ್ಕ್‌ನಲ್ಲಿ, 7 ದಿನ. ಅಲ್ಲಿ ಪಾಠ ಕೇಳ್ಕೊಂಡು ಕೂತ್ಕೊಳ್ಳೋದು ಕಮ್ಮಿ, ನಮ್ಮನ್ನೇ ಮಕ್ಕಳ ಥರ ಗುಂಪು ಮಾಡಿ ಇಡ್ತಾರೆ, ಬೆಳಗ್ಗೆ ಎದ್ದು ವ್ಯಾಯಾಮ, ಹಾಸಿಗೆ ಮಡಚಿಟ್ಟು ಇನ್‌ಸ್ಪೆಕ್ಷನ್‌ಗೆ ನಿಲ್ಲೋದು, ಹಗ್ಗದ ಗಂಟು, ಒಲೆ, ರಾತ್ರಿ ಕ್ಯಾಂಪ್ ಫೈರ್. ಆ ಏಳು ದಿನದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕಿವಿಗೆ ಬಿದ್ದ ಮಾತು ಪೆಟ್ರೋಲ್ ಸಿಸ್ಟಮ್. ಆರರಿಂದ ಎಂಟು ಮಕ್ಕಳ ಒಂದೊಂದು ಸಣ್ಣ ಗುಂಪಿಗೆ ಪೆಟ್ರೋಲ್ ಅಂತಾರೆ, ಅದಕ್ಕೆ ಒಬ್ಬಳು ಲೀಡರ್, ಅವಳ ಸಹಾಯಕ್ಕೆ ಒಬ್ಬಳು ಸೆಕೆಂಡ್, ಕ್ಯಾಪ್ಟನ್ ಏನೇ ಮಾಡಿಸಿದ್ರೂ ಅವರ ಮೂಲಕಾನೇ ಮಾಡಿಸ್ಬೇಕು. ನೋಟ್ಸ್ ಬರ್ಕೊಂಡೆ, ಊರಿಗೆ ಬಂದೆ, ನೋಟ್ಸ್ ಬೀರುಗೆ ಹೋಯ್ತು.

ಮೊದಲ ವರ್ಷ 22 ಹುಡುಗೀರು ಸೇರಿದ್ರು. ಭಾನುವಾರ ಬೆಳಗ್ಗೆ ಏಳೂವರೆಗೆ ಮೈದಾನದಲ್ಲಿ ನಿಲ್ಲಿಸಿ ಪ್ರಾರ್ಥನೆ, ಧ್ವಜ, ಆಮೇಲೆ ನಾನೇ ಗಂಟು ಹೇಳಿಕೊಡೋದು, ನಾನೇ ಆಟ ಆಡಿಸೋದು, ನಾನೇ ಹಾಜರಿ ಹಾಕೋದು. ಗುಲಾಬಿ, ಮಲ್ಲಿಗೆ, ಕಮಲ ಅಂತ ಮೂರು ಪೆಟ್ರೋಲ್ ಇದ್ವು, ಲೀಡರ್‌ಗಳೂ ಇದ್ರು, ಆದ್ರೆ ಅವರ ಕೆಲಸ ಸಾಲು ನೆಟ್ಟಗೆ ನಿಲ್ಲಿಸೋದು ಅಷ್ಟೇ. ದಸರಾ ರಜೆ ಮುಗಿಯೋ ಹೊತ್ತಿಗೆ 9 ಜನ ಉಳಿದ್ರು. ನಂಗೆ ತುಂಬಾ ಬೇಜಾರಾಯ್ತು, ಮಕ್ಕಳಿಗೆ ಆಸಕ್ತಿ ಇಲ್ಲ, ಮೊಬೈಲ್ ಹಾವಳಿ, ಅಪ್ಪ ಅಮ್ಮ ಪ್ರೋತ್ಸಾಹ ಕೊಡಲ್ಲ ಅಂತೆಲ್ಲ ಮನಸಲ್ಲೇ ಬೈಕೊಂಡೆ.

ಆಗ ಬೀರು ತೆಗೆದು ಆ ನೋಟ್ಸ್ ಓದಿದೆ. ಅದರಲ್ಲಿ ಕೋರ್ಟ್ ಆಫ್ ಆನರ್ ಅಂತ ಒಂದು ಪುಟ ಇತ್ತು. ಪೆಟ್ರೋಲ್ ಲೀಡರ್‌ಗಳು ಕೂತು ಕಂಪನಿ ವಿಷಯ ಮಾತಾಡಿ ತೀರ್ಮಾನ ಮಾಡೋ ಸಭೆ, ಕ್ಯಾಪ್ಟನ್ ಕೇಳಿಸ್ಕೋಬೇಕು, ಸಲಹೆ ಕೊಡ್ಬೇಕು. ಇಡೀ ವರ್ಷದಲ್ಲಿ ಒಂದು ಸಲಾನೂ ನಾನು ಅದನ್ನ ಕರೆದಿರಲಿಲ್ಲ.

ನಮ್ಮನೆ ಜಗಲಿ ಮೇಲೆ ಮೂರು ಲೀಡರ್, ಮೂರು ಸೆಕೆಂಡ್ ಕೂರಿಸ್ಕೊಂಡು ಕೇಳಿದೆ, ಯಾಕೆ ಬರ್ತಾ ಇಲ್ಲ ಹುಡುಗೀರು ಅಂತ. ಯಾರೂ ಬಾಯಿ ಬಿಡ್ಲಿಲ್ಲ. ನಂಗೆ ಅಭ್ಯಾಸ ಏನಂದ್ರೆ ಯಾರೂ ಮಾತಾಡ್ದೆ ಇದ್ರೆ ನಾನೇ ಶುರು ಮಾಡ್ಬಿಡ್ತೀನಿ, ಅವತ್ತು ಸುಮ್ಮನೆ ಕಡ್ಲೇಕಾಯಿ ಬಿಡಿಸ್ತಾ ಕೂತೆ. ಸುಮಾರು ಹೊತ್ತಾದ್ಮೇಲೆ ಎಂಟನೇ ಕ್ಲಾಸಿನ ಒಬ್ಬಳು ಅಂದ್ಲು, "ಮಿಸ್, ಭಾನುವಾರ ಬಟ್ಟೆ ಒಗೆಯೋ ದಿನ." ಅಷ್ಟೇ ಸಾಕಾಯ್ತು, ಒಬ್ಬೊಬ್ಬಳೂ ಶುರು ಮಾಡಿದ್ರು. ಒಬ್ಬಳ ಅಮ್ಮ ಭಾನುವಾರನೂ ಕಾಯಿ ಸುಲಿಯೋ ಕೆಲಸಕ್ಕೆ ಹೋಗ್ತಾರೆ, ತಮ್ಮನ್ನ ಇವಳೇ ನೋಡ್ಕೋಬೇಕು. ಇನ್ನೊಬ್ಬಳ ಬೀದಿಗೆ ನಲ್ಲಿ ನೀರು ಬರೋದೇ ಆ ಹೊತ್ತಿಗೆ. ಎಣ್ಣೆ ಸ್ನಾನ, ಮನೆ ಸಾರಿಸೋದು, ನೆಂಟರು, ಎಲ್ಲಾ ಭಾನುವಾರದ ತಲೆ ಮೇಲೇನೆ. ಗಂಡು ಮಕ್ಕಳಿಗೆ ರಜೆ ಆಗಿರೋ ದಿನ ಇವರಿಗೆ ವಾರದ ಅತಿ ದೊಡ್ಡ ಕೆಲಸದ ದಿನ, ಅದು ಹೆಣ್ಣಾಗಿ ಹುಟ್ಟಿದ ನನಗೇ ಹೊಳೆದಿರಲಿಲ್ಲವಲ್ಲ ಅಂತ ಇವತ್ತಿಗೂ ನೋವಿದೆ.

ಶನಿವಾರ ಮಧ್ಯಾಹ್ನ ಮಾಡೋಣ ಅಂತ ಅವರೇ ಹೇಳಿದ್ರು. ಶನಿವಾರ ಬೆಳಗಿನ ಸ್ಕೂಲು, ಮಧ್ಯಾಹ್ನದಿಂದ ಸಂಜೆವರೆಗೆ ಅವರ ಟೈಮನ್ನ ಮನೇಲಿ ಯಾರೂ ಲೆಕ್ಕಕ್ಕೆ ಇಟ್ಟಿರಲ್ಲ. ಕಷ್ಟ ಆಗಿದ್ದು ನಂಗೆ, ಯಾಕಂದ್ರೆ ಶನಿವಾರ ನನ್ನ ಆಫೀಸ್ ಇರತ್ತೆ, ಕಾರ್ಯದರ್ಶಿಗಳ ಹತ್ರ ಹೋಗಿ ವಾರಕ್ಕೊಂದಿನ ಮೂರೂವರೆಗೆ ಬಿಡಿ, ಬೆಳಗ್ಗೆ ಬೇಗ ಬಂದು ಸರಿ ಮಾಡ್ತೀನಿ ಅಂತ ಕೇಳ್ಕೊಂಡೆ, ಎರಡು ವಾರ ಯೋಚನೆ ಮಾಡಿ ಒಪ್ಕೊಂಡ್ರು. ನಾಲ್ಕು ಗಂಟೆಗೆ ಮೀಟಿಂಗ್ ಅಂತಾಯ್ತು. ಎರಡು ತಿಂಗಳಲ್ಲಿ ಬಿಟ್ಟೋರು ವಾಪಸ್ ಬಂದು ಒಟ್ಟು 19 ಜನ ಆಗಿದ್ರು.

ಅಲ್ಲಿಂದ ನಾನು ಎದುರಿಗೆ ನಿಂತು ಕಲಿಸೋದು ಬಿಟ್ಟೆ. ಲೀಡರ್‌ಗಳಿಗೆ ಮಾತ್ರ ಬುಧವಾರ ಸಂಜೆ ಅರ್ಧ ಗಂಟೆ ಮನೇಲಿ ಹೇಳಿಕೊಡ್ತೀನಿ, ಶನಿವಾರ ಅವರು ಅವರವರ ಪೆಟ್ರೋಲ್‌ಗೆ ಹೇಳಿಕೊಡ್ತಾರೆ. ಹಗ್ಗದ ಗಂಟಲ್ಲಿ ಇದು ಎಷ್ಟು ಚೆನ್ನಾಗಾಯ್ತು ಅಂದ್ರೆ, ಮಲ್ಲಿಗೆ ಪೆಟ್ರೋಲ್‌ನಲ್ಲಿ ಒಬ್ಬಳು ಹುಡುಗಿ, ಅವಳ ಅಜ್ಜಿ ಬಸ್ ಸ್ಟ್ಯಾಂಡ್ ಹತ್ರ ಹೂ ಮಾರ್ತಾರೆ, ಇವಳು ದಿನಾ ಸಂಜೆ ಮೊಳಗಟ್ಲೆ ಹೂ ಕಟ್ಟೋಳು. ಕ್ಲೋವ್ ಹಿಚ್ ಅನ್ನೋ ಗಂಟು ಅವಳಿಗೆ ಒಂದೇ ಸಲಕ್ಕೆ ಬಂತು, "ಇದು ಹೂ ಕಟ್ಟೋ ಕುಣಿಕೆ ಥರಾನೇ ಅಲ್ವಾ ಮಿಸ್" ಅಂದ್ಲು. ಬಾಳೆ ನಾರು ತಂದು ಹೂ ಇಟ್ಟು ತೋರಿಸಿ, ಆಮೇಲೆ ಹಗ್ಗ ಕೊಟ್ಟು, ಇಡೀ ಕಂಪನಿಗೆ ಅವಳೇ ಕಲಿಸಿದ್ಲು. ನಾನು ಮೂರು ತಿಂಗಳು ಪಟ ತೋರಿಸಿ ಕಲಿಸಿದ್ರೂ ಬರದೆ ಇದ್ದೋರಿಗೆಲ್ಲ ಬಂತು.

ಕ್ಯಾಂಪ್ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಹೊಸ ಕ್ಯಾಪ್ಟನ್‌ಗಳು ಹೆದರೋದು ಇದಕ್ಕೇನೆ. ಎರಡನೇ ವರ್ಷ ಮಾಲೇಕಲ್ಲು ತಿರುಪತಿ ಬೆಟ್ಟದ ಕೆಳಗೆ ಒಂದು ಛತ್ರದಲ್ಲಿ ಎರಡು ರಾತ್ರಿ ಅಂತ ತೀರ್ಮಾನ ಆಯ್ತು. ಮನೆಮನೆಗೆ ಹೋದೆ. "ರಾತ್ರಿ ಹೊತ್ತು ಹೆಣ್ಮಗು ಆಚೆ ಮಲಗ್ಸೋದಾ ಮೇಡಂ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ" ಅಂತ ಎಲ್ಲಾ ಅಮ್ಮಂದಿರದ್ದೂ ಒಂದೇ ಮಾತು. ಅದನ್ನ ತಪ್ಪು ಅಂತ ನಾನು ಹೇಳಲ್ಲ, ನನ್ನ ಮಗಳಾಗಿದ್ರೆ ನಾನೂ ಕೇಳ್ತಿದ್ದೆ. ವಾದ ಮಾಡೋ ಬದಲು ಒಂದು ಕಾಗದದಲ್ಲಿ ಎಲ್ಲಾ ಬರೆದು ಕೊಟ್ಟೆ, ಎಲ್ಲಿ ಮಲಗ್ತಾರೆ, ಬಾಗಿಲು ಯಾವ ಕಡೆ, ಶೌಚಾಲಯ ಎಷ್ಟು ದೂರ, ದೊಡ್ಡೋರು ಯಾರ್ಯಾರು, ಡಾಕ್ಟರ್ ಎಲ್ಲಿ ಸಿಗ್ತಾರೆ, ಯಾವ ಫೋನ್ ರಾತ್ರಿಯೆಲ್ಲ ಆನ್ ಇರತ್ತೆ. ಒಬ್ಬಳೇ ದೊಡ್ಡೋಳಾಗಿ ಮಕ್ಕಳನ್ನ ಕರ್ಕೊಂಡು ಯಾವತ್ತೂ ಹೋಗ್ಬೇಡಿ, ಕನಿಷ್ಠ ಇಬ್ಬರು ಹೆಂಗಸರು ಇರಲೇಬೇಕು. ಅತಿ ಹೆಚ್ಚು ಪ್ರಶ್ನೆ ಕೇಳಿದ ತಾಯಿನೇ "ನೀವೂ ಬನ್ನಿ ಅಕ್ಕ" ಅಂತ ಕರೆದೆ, ಬಂದ್ರು. ಅವರು ಈಗ ನಮ್ಮ ಅಸಿಸ್ಟೆಂಟ್ ಕ್ಯಾಪ್ಟನ್, ಕೋರ್ಸೂ ಮುಗಿಸಿದಾರೆ.

ಇನ್ನೊಂದು ಪ್ರಶ್ನೆ ಬಂತು, ಅದನ್ನ ಜೋರಾಗಿ ಯಾರೂ ಕೇಳಲ್ಲ. "ಅಡುಗೆ ಯಾರು ಮಾಡ್ತಾರೆ?" ಅಂತ. ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ ಇತ್ತು. ಮೊದಲ ವರ್ಷ ಸುಲಭ ಆಗ್ಲಿ ಅಂತ ಒಂದೊಂದು ಬೀದಿಯೋರನ್ನ ಒಂದೊಂದು ಪೆಟ್ರೋಲ್ ಮಾಡಿದ್ದೆ, ನಮ್ಮೂರುಗಳಲ್ಲಿ ಬೀದಿ ಅಂದ್ರೆ ಏನು ಅಂತ ಎಲ್ರಿಗೂ ಗೊತ್ತು. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊಟ್ಟಮೊದಲ ಕ್ಯಾಂಪ್ ಮಾಡಿದಾಗ ಸುಮಾರು 20 ಹುಡುಗರು, ಅದರಲ್ಲಿ ಶ್ರೀಮಂತರ ಶಾಲೆಯೋರೂ ಇದ್ರು, ಕೂಲಿಕಾರರ ಮಕ್ಕಳೂ ಇದ್ರು, ಎಲ್ಲರನ್ನೂ ಬೆರೆಸಿ ನಾಲ್ಕು ಪೆಟ್ರೋಲ್ ಮಾಡಿದ್ದರು. ಇದನ್ನ ಕೋರ್ಸ್‌ನಲ್ಲಿ ಕೇಳಿದ್ದೋಳು ನಾನು. ಕೋರ್ಟ್ ಆಫ್ ಆನರ್ ಕರೆದು ಬದಲಾಯಿಸೋಣ ಅಂದೆ, ಮಕ್ಕಳು ಸ್ವಲ್ಪ ಮುಖ ಸಣ್ಣ ಮಾಡ್ಕೊಂಡ್ರು, ಗೆಳತಿಯರು ಬೇರೆ ಆಗ್ತಾರಲ್ಲ ಅಂತ, ಆದ್ರೆ ಒಪ್ಪಿದ್ರು. ಬೆರೆಸಿದ ಹೊಸ ಪೆಟ್ರೋಲ್‌ಗಳಿಗೆ ಕ್ಯಾಂಪ್‌ಗೆ ಎರಡು ತಿಂಗಳ ಮೊದಲಿಂದ ಶನಿವಾರ ಶನಿವಾರ ಒಂದೇ ಪಾತ್ರೇಲಿ ಮಂಡಕ್ಕಿ ಕಲಸ್ಕೊಂಡು ತಿನ್ನೋ ಅಭ್ಯಾಸ ಆಗಿತ್ತು. ಕ್ಯಾಂಪ್‌ಗೆ ಹೋದ ದಿನಾನೇ ಬೆರೆಸಿದ್ರೆ ಆಗ್ತಿರಲಿಲ್ಲ ಅನ್ಸತ್ತೆ. ಕೇಳಿದೋರಿಗೆಲ್ಲ ನೇರವಾಗೇ ಹೇಳಿದೆ, ಪಾಳಿ ಮೇಲೆ ಎಲ್ಲಾ ಮಕ್ಕಳೂ ಮಾಡ್ತಾರೆ, ಎಲ್ಲರೂ ಒಟ್ಟಿಗೆ ಕೂತು ಉಣ್ತಾರೆ, ಗೈಡ್ ಅಂದ್ರೆ ಎಲ್ಲರ ಸ್ನೇಹಿತೆ, ಬೇರೆ ಪ್ರತಿಯೊಬ್ಬ ಗೈಡ್‌ಗೂ ಸೋದರಿ ಅಂತ ನಿಯಮದಲ್ಲೇ ಇದೆ, ಅದನ್ನ ಬಾಯಿಪಾಠ ಮಾಡಿಸಿ ಊಟದ ಹೊತ್ತಿಗೆ ಬಿಡೋಕಾಗಲ್ಲ ಅಂತ. ಒಂದು ಮನೆಯೋರು ಅಕ್ಕ ತಂಗಿ ಇಬ್ಬರನ್ನೂ ಬಿಡಿಸಿದ್ರು, ಮತ್ತೆ ಕಳಿಸಲೇ ಇಲ್ಲ. ದೊಡ್ಡೋಳು ದಾರೀಲಿ ಸಿಕ್ಕಿದ್ರೆ ಈಗ್ಲೂ ಎಡಗೈ ಕೊಟ್ಟು ನಗ್ತಾಳೆ, ನಮ್ಮಲ್ಲಿ ಕೈ ಕುಲುಕೋದು ಎಡಗೈಲಿ.

ಕ್ಯಾಂಪ್‌ನಲ್ಲಿ ನಂಗೆ ಗೊತ್ತಿಲ್ಲದೇ ಇದ್ದ ಇನ್ನೊಂದು ವಿಷಯ ಗೊತ್ತಾಯ್ತು. ಮೊದಲನೇ ದಿನ ಸಂಜೆ ಒಬ್ಬಳಿಗೆ ತಲೆ ಸುತ್ತು ಬಂತು. ವಿಚಾರಿಸಿದ್ರೆ ಬೆಳಗ್ಗಿಂದ ನೀರೇ ಕುಡಿದಿಲ್ಲ, ಅವಳೊಬ್ಬಳೇ ಅಲ್ಲ ಆರೇಳು ಜನ ಕುಡಿದಿರಲಿಲ್ಲ, ಕುಡಿದ್ರೆ ರಾತ್ರಿ ಕತ್ತಲಲ್ಲಿ ಶೌಚಾಲಯಕ್ಕೆ ಹೋಗ್ಬೇಕಲ್ಲ ಅಂತ. ಲೀಡರ್‌ಗಳು ಅಲ್ಲೇ ನಿಂತು ಮಾತಾಡ್ಕೊಂಡು ಜೋಡಿ ಮಾಡಿದ್ರು, ಒಬ್ಬಳು ಎದ್ರೆ ಅವಳ ಜೋಡಿನೂ ಏಳ್ಬೇಕು, ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ, ದಾರಿ ಉದ್ದಕ್ಕೂ ಎರಡು ಕಡೆ ಲಾಟೀನು. ಮುಟ್ಟಾದೋರಿಗೆ ಪ್ಯಾಡ್ ಇರೋ ಚೀಲ ಎಲ್ಲಿದೆ, ಹಾಕೋದು ಎಲ್ಲಿ ಅಂತ ಯಾರನ್ನೂ ಕೇಳದೆ ಗೊತ್ತಾಗೋ ಹಾಗೆ ಒಂದು ಮೂಲೇಲಿ ವ್ಯವಸ್ಥೆ ಮಾಡಿದ್ರು. ಈಗ ನಮ್ಮ ಕ್ಯಾಂಪ್ ಪಟ್ಟೀಲಿ ಅಕ್ಕಿ ಬೇಳೆಗಿಂತ ಮೊದಲು ಬರೋದು ಇವೇ.

ಎರಡನೇ ರಾತ್ರಿ ಬೆಂಕಿ ಸುತ್ತ ಕೂತಾಗ 1909ರ ಕತೆ ಹೇಳಿದೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ದೊಡ್ಡ ರ‍್ಯಾಲಿ, ಅಲ್ಲಿಗೆ ಯಾರೂ ಕರೆಯದೇನೇ ಒಂದಷ್ಟು ಹುಡುಗೀರು ಬಂದು ನಾವೂ ಸ್ಕೌಟ್‌ಗಳೇ ಅಂತ ನಿಂತ್ಕೊಂಡ್ರು, ಮಾರನೇ ವರ್ಷಾನೇ ಅವರಿಗೆ ಅಂತ ಗೈಡ್ಸ್ ಶುರುವಾಯ್ತು, ಬೇಡನ್ ಪೊವೆಲ್ ತಂಗಿ ಆಗ್ನೆಸ್ ನೋಡ್ಕೊಂಡ್ರು ಅಂತ. ಅದೇ 1909ರಲ್ಲೇ ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೇಲಿ ಭಾರತದ ಮೊದಲ ಸ್ಕೌಟ್ ದಳ ಶುರುವಾಗಿದ್ದು, ಆದ್ರೆ ಆಗ ಇಲ್ಲಿಯ ದಳಗಳು ಬ್ರಿಟಿಷರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ, ಹಾಗಾಗೇ ಆನಿ ಬೆಸೆಂಟ್ ನಮ್ಮ ಮಕ್ಕಳಿಗೆ ಅಂತ ಬೇರೆ ಸಂಘ ಕಟ್ಟಿದ್ರು ಅಂತಾನೂ ಹೇಳಿದೆ. ಹೂವಿನ ಹುಡುಗಿ ಕೇಳಿದ್ಲು, "ಆ ಕರೆಯದೆ ಬಂದ ಹುಡುಗೀರ ಮನೇಲಿ ಬೈಲಿಲ್ವಾ ಮಿಸ್?" ಅದಕ್ಕೆ ಉತ್ತರ ನನ್ನ ಹತ್ರ ಇರಲಿಲ್ಲ. ಅವಳ ಹೆಸರು ಈಗ ರಾಜ್ಯ ಪುರಸ್ಕಾರ್ ಅನ್ನೋ ರಾಜ್ಯ ಮಟ್ಟದ ಪ್ರಶಸ್ತಿ ಪರೀಕ್ಷೆಗೆ ಹೋಗಿದೆ, ಅದಕ್ಕೆ ಮೊದಲಿನ ಹಂತಗಳನ್ನ, ಪ್ರಥಮ ಸೋಪಾನದಿಂದ ತೃತೀಯ ಸೋಪಾನದವರೆಗೆ ಒಂದೊಂದಾಗಿ ಮುಗಿಸ್ಕೊಂಡು ಬಂದಿದಾಳೆ.

ಖರ್ಚಿನ ಬಗ್ಗೆ ಕೇಳ್ತಾರೆ, ನಮ್ಮಲ್ಲಿ ತಿಂಗಳಿಗೆ 10 ರೂಪಾಯಿ, ಲೆಕ್ಕ ಮಕ್ಕಳೇ ಬರೀತಾರೆ, ನಾನು ನೋಡಿ ಸಹಿ ಹಾಕ್ತೀನಿ. ಯೂನಿಫಾರ್ಮ್ ದೊಡ್ಡೋರದ್ದು ಚಿಕ್ಕೋರಿಗೆ ಬರತ್ತೆ. ನಂಗೆ ಸಂಬಳ ಇಲ್ಲ, ಬಸ್ ಚಾರ್ಜು ನನ್ನದೇ, ವಾರಕ್ಕೆ ಐದಾರು ಗಂಟೆ ಹೋಗತ್ತೆ, ಕ್ಯಾಂಪ್ ಇದ್ರೆ ರಜೆ ಹಾಕ್ಬೇಕು. ಮನೆಯೋರು ಒಪ್ಪದೇ ಇದ್ರೆ ಕಷ್ಟ, ಮೊದಲೇ ಕೂತು ಮಾತಾಡಿ.

ಈ ಜೂನ್‌ನಲ್ಲಿ ಮೂವರು ಲೀಡರ್‌ಗಳೂ ಪಿಯುಸಿಗೆ ಹೋದ್ರು, 11 ಜನ ಹೊಸಬರು ಸೇರಿದಾರೆ. ಹೊಸ ಲೀಡರ್ ಯಾರು ಅಂತ ನಾನು ಮನಸಲ್ಲಿ ಅಂದ್ಕೊಂಡಿದೀನಿ, ಹೇಳಿಲ್ಲ. ಮಕ್ಕಳು ಎರಡು ಶನಿವಾರ ಟೈಮ್ ಕೇಳಿದಾರೆ, ಕೊಟ್ಟಿದೀನಿ.